ಲಿಫ್ಟಣ್ಣ ನಿರಪರಾಧಿಯಾದದ್ದು

ಲಾಕ್‌ಡೌನಿನಲ್ಲಿ ಏಳು ತಿಂಗಳು ಬೀಗ ಹಾಕಿದ್ದ ಕಚೇರಿ ತೆರೆದ ಮೊದಲ ದಿನವೇ ಲಿಫ್ಟಿನ ಗಂಟೆ ಬಡಿದುಕೊಳ್ಳತೊಡಗಿತು. ಒಳಗಿದ್ದವರು ಮ್ಯಾನೇಜರು, ಲೆಕ್ಕದ ಮೇಡಂ, ಸ್ಟೋರ್‌ಕೀಪರು ಮತ್ತು ಸ್ಟೂಲಿನ ಮೇಲೆ ಲಿಫ್ಟು ನಡೆಸುವ ಲಿಫ್ಟಣ್ಣ. ಭಾರ ಹೆಚ್ಚಾದರೆ ಹೊಡೆಯುವ ಗಂಟೆ ಅದು; ಹೊಡೆದುಕೊಳ್ಳುತ್ತಲೇ ಲಿಫ್ಟು ಓಡುತ್ತಿತ್ತು. ಇದೇ ನಾಲ್ವರನ್ನು ಹೊತ್ತು ಇಪ್ಪತ್ತೆರಡು ವರ್ಷ ಅದು ತುಟಿ ಪಿಟಕ್ಕೆಂದಿರಲಿಲ್ಲ.

ಮೂರು ಮಾಸ್ಕುಗಳ ಮೇಲಿನ ಆರು ಕಣ್ಣುಗಳು ಲಿಫ್ಟಣ್ಣನ ಹೊಟ್ಟೆಯ ಮೇಲೆ ನೆಟ್ಟವು.

ಅವನು ಮೊದಲಿನಿಂದಲೂ ದಪ್ಪ. ದಿನಾ ಸಂಜೆ ನಡೆದು ಹೇಗೋ ಹತೋಟಿಯಲ್ಲಿ ಇಟ್ಟುಕೊಂಡಿದ್ದ. ಮನೆಯಲ್ಲೇ ಕೂರಬೇಕಾಗಿ ಬಂದಾಗ ಮಂಚದಿಂದ ಅಡುಗೆಮನೆಗೆ ಎಂಟು ಹೆಜ್ಜೆ, ವಾಪಸ್ಸು ಎಂಟು. ಅಲ್ಲಿಗೆ ವ್ಯಾಯಾಮ ಮುಗಿಯಿತು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಗೆ ಬಾಯಾಡಿಸುವುದು ಬೇರೆ. ಹನ್ನೊಂದು ಕೆಜಿ ಏರಿದ್ದು ಅವನಿಗೆ ಗೊತ್ತಿತ್ತು, ನಾಚಿಕೆಯೂ ಇತ್ತು.

"ನೋಡಪ್ಪಾ," ಎಂದರು ಮ್ಯಾನೇಜರು, "ಸಂಜೆಯೊಳಗೆ ಈ ಗಂಟೆ ನಿಲ್ಲಬೇಕು. ಇಲ್ಲಾಂದ್ರೆ ನಾಳೆಯಿಂದ ಸಣ್ಣಗಿರೋ ಆಪರೇಟರ್‌ನ ತಗೋತೀನಿ."

ಲಿಫ್ಟಣ್ಣ ಸ್ಟೂಲನ್ನು ಹೊರಗಿಟ್ಟ. ಗಂಟೆ ಹೊಡೆಯಿತು. ಬೂಟು ಕಳಚಿದ, ಬೀಗದಕೈ ಗೊಂಚಲು ಕಳಚಿದ, ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಸ್ಟೂಲಿನ ಮೇಲಿಟ್ಟ. ಮತ್ತೂ ಹೊಡೆಯಿತು. ಪ್ರತಿ ಮಹಡಿಯಲ್ಲೂ ಪುಕ್ಕಟೆ ಸಲಹೆ ಕಾದಿತ್ತು.

"ಬಿಸಿನೀರು ಕುಡೀರಿ ಲಿಫ್ಟಣ್ಣ," ಎಂದರು ಮೇಡಂ.

"ಉಸಿರು ಒಳಗೆ ಎಳ್ಕೊಂಡು ನಿಂತ್ಕೊ," ಎಂದ ಸ್ಟೋರ್‌ಕೀಪರು. ಲಿಫ್ಟಣ್ಣ ಎಳೆದುಕೊಂಡ. ಎರಡನೇ ಮಹಡಿಯ ಹೊತ್ತಿಗೆ ಕಣ್ಣು ಕತ್ತಲಿಟ್ಟಿತು.

ಮೂರು ಗಂಟೆಗೆ ಅದೇ ಮೂವರು ಮತ್ತೆ ಲಿಫ್ಟು ಹತ್ತಿದಾಗ, ಬರಿಗಾಲಲ್ಲಿ, ಹಸಿದ ಹೊಟ್ಟೆಯಲ್ಲಿ ನಿಂತಿದ್ದ ಅವನಿಗೆ ಸಿಟ್ಟು ಬಂತು. ಬಡವನ ಕೋಪ ದವಡೆಗೆ ಮೂಲ ಎನ್ನುವುದು ಆಗ ನೆನಪಾಗಲಿಲ್ಲ.

"ಸರ್, ನಾನೊಬ್ನೇನಾ ಮನೇಲಿ ಕೂತಿದ್ದು? ನಾನು ಹೊರಗೆ ನಿಲ್ತೀನಿ. ನನ್ನ ಜಾಗಕ್ಕೆ ಟೈಪಿಸ್ಟನ್ನ ಹತ್ತಿಸ್ಕೊಳ್ಳಿ. ಆಗ್ಲೂ ಹೊಡೆದ್ರೆ ತಪ್ಪು ನಂದಲ್ಲ."

ಮ್ಯಾನೇಜರು ನಗುತ್ತಲೇ ಒಪ್ಪಿದರು. ಕಡ್ಡಿಯಂತಿದ್ದ ಟೈಪಿಸ್ಟ್ ನಾಲ್ಕನೆಯವನಾಗಿ ಒಳಗೆ ಕಾಲಿಟ್ಟ. ಗಂಟೆ ಕಟ್ಟಡವೆಲ್ಲ ಕೇಳುವಂತೆ ಹೊಡೆದುಕೊಂಡಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಮ್ಯಾನೇಜರು ಬೆಲ್ಟು ಮುಟ್ಟಿಕೊಂಡರು. ಸ್ಟೋರ್‌ಕೀಪರು ಮೇಡಂ ಕಡೆ ನೋಡಿದ. ಮೇಡಂ ಚಾವಣಿ ನೋಡಿದರು. ಇಳಿದವನೇ ಅಪರಾಧಿಯಾಗುತ್ತಾನೆಂದು ಯಾರೂ ಕದಲಲಿಲ್ಲ. ಕೊನೆಗೆ ಸ್ಟೋರ್‌ಕೀಪರು, ಬಾರದ ಕರೆಗೆ "ಹಲೋ" ಎನ್ನುತ್ತ ಫೋನು ಕಿವಿಗಿಟ್ಟುಕೊಂಡು ಹೊರಗೆ ಬಂದ. ಗಂಟೆ ನಿಂತಿತು.

ಲಿಫ್ಟಣ್ಣನ ಎದೆ ಹಗುರಾಯಿತು. ಬೆಳಗಿನಿಂದ ಬಗ್ಗಿದ್ದ ಕತ್ತನ್ನು ಎತ್ತಿದ.

ಒಳಗಿದ್ದ ಮೂವರು ಮಾತ್ರ ಸುಮ್ಮನೆ ನಿಂತಿದ್ದರು. ಆ ಕಟ್ಟಡದಲ್ಲಿ ಲಿಫ್ಟಣ್ಣನಲ್ಲದೆ ಬೇರೆ ಯಾರೂ ಗುಂಡಿ ಮುಟ್ಟುವ ಪದ್ಧತಿ ಇರಲಿಲ್ಲ. ಎಲ್ಲರೂ ಮಹಡಿಯನ್ನು ಬಾಯಲ್ಲಿ ಹೇಳುತ್ತಿದ್ದರು, ಅವನು ಒತ್ತುತ್ತಿದ್ದ.

"ಐದು ಅಂತ ಇದೆಯಲ್ಲ ಸರ್, ಅದನ್ನ ಒತ್ತಿ," ಎಂದು ಲಿಫ್ಟಣ್ಣನೇ ಹುರುಪಿನಲ್ಲಿ ಹೇಳಿಕೊಟ್ಟ.

ಮ್ಯಾನೇಜರು ಹೆದರುತ್ತ ಬೆರಳಿಟ್ಟರು. ಬಾಗಿಲು ಮುಚ್ಚಿತು. ಲಿಫ್ಟು ಹೋಯಿತು, ಬಂತು, ಮತ್ತೆ ಹೋಯಿತು. ಲಿಫ್ಟಣ್ಣನ ಮುಂದೆ ಮೂರನೆಯ ಸಲ ಬಾಗಿಲು ತೆರೆದಾಗ ಮ್ಯಾನೇಜರ ಮುಖ ಹೊಸ ಆಟಿಕೆ ಸಿಕ್ಕ ಮಗುವಿನದಾಗಿತ್ತು.

"ನಿನ್ನ ತಪ್ಪೇನೂ ಇಲ್ಲಪ್ಪಾ, ಒಪ್ಕೊಂಡೆ," ಎಂದರು. "ಆದ್ರೆ ಒತ್ತಿದ್ರೆ ತಾನೇ ಹೋಗುತ್ತಲ್ಲ ಇದು! ಇದಕ್ಕೆ ಆಪರೇಟರ್ ಯಾಕೆ, ದಪ್ಪ ಆದ್ರೇನು, ಸಣ್ಣ ಆದ್ರೇನು? ನಾಳೆಯಿಂದ ನೀನು ಐದನೇ ಮಹಡಿಯ ಹಳೇ ಫೈಲ್ ರೂಮಲ್ಲಿ ಕೆಲಸ ಮಾಡು."

ಲಿಫ್ಟಣ್ಣ ಬೂಟಿಗೆ ಕಾಲು ತೂರಿಸಿದ. "ದಿನಾ ಇದರಲ್ಲೇ ಮೇಲೆ ಬರ್ಲಾ ಸರ್?"

"ಮೆಟ್ಟಿಲು ಹತ್ತಿ ಬಾರಪ್ಪಾ," ಎಂದರು ಮ್ಯಾನೇಜರು. "ನಾವು ನಾಲ್ಕು ಜನಾನೇ ಇದಕ್ಕೆ ಹೆಚ್ಚು ಅಂತ ನೀನೇ ತೋರಿಸಿಕೊಟ್ಯಲ್ಲ."