ಪ್ಯಾಸೇಜಿನ ಜೊತೆ ಅಕ್ಕನ ಜಗಳ

ಪ್ರಶ್ನೆಪತ್ರಿಕೆಯ ಜೊತೆ ಜಗಳಕ್ಕೆ ನಿಂತು ಗೆದ್ದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮಕ್ಕ ಪ್ರತಿ ಭಾನುವಾರ ನನ್ನ ಕಣ್ಣೆದುರೇ ಗೆಲ್ಲುತ್ತಿದ್ದಳು. ತೊಂದರೆ ಒಂದೇ. ಹಾಗೆ ಗೆದ್ದವರಿಗೆ ಅಂಕ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ!

ಪತ್ರಿಕೆಯವನ ಅಭ್ಯಾಸಬಲದಿಂದ ಮುಖ್ಯಾಂಶವನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಕನನ್ನು ಕೊಟ್ಟಿರುವುದು ಹರಿಹರಕ್ಕೆ. ಅಲ್ಲೇ ಪಕ್ಕದ ಗುತ್ತೂರಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಒಂದನೇ ತರಗತಿಯ ಟೀಚರು. ವಯಸ್ಸು ನಲವತ್ತೆಂಟು. (ಇದನ್ನು ಅಚ್ಚು ಮಾಡಿದ್ದಕ್ಕೆ ನನಗೆ ಶಿಕ್ಷೆ ಕಾದಿದೆ, ಗೊತ್ತು.) ಹೋದ ವರ್ಷ ಶಾಲೆಯ ಕಾರ್ಯದರ್ಶಿಗಳು ಅವಳನ್ನು ಕರೆದು, ಮರ್ಯಾದೆಯಿಂದಲೇ, "ಟೀಚರ್, ಅರ್ಹತಾ ಪರೀಕ್ಷೆ ಪಾಸಾಗದವ್ರಿಗೆ ಇನ್ನು ಮುಂದೆ ಕ್ಲಾಸ್ ಕೊಡೋ ಹಂಗಿಲ್ರಿ. ನಿಮ್ಮನ್ನೇನು ಬಿಡಲ್ಲ. ಆಫೀಸಿನಾಗ ಕೂಡ್ರಿ, ಅಡ್ಮಿಶನ್ ಬರ್ಕೊಳ್ರಿ" ಎಂದರು.

"ಹುಡುಗ್ರ ಹೆಸ್ರು ನಾನು ಬರ್ಕೊಬೇಕು, ಹುಡುಗ್ರನ್ನ ಬ್ಯಾರೆಯೋರಿಗೆ ಕೊಡಬೇಕು! ಅದೆಂಥ ಕೆಲಸನೋ ತಮ್ಮಾ?" ಎಂದು ಅಕ್ಕ ನನ್ನನ್ನು ಕೇಳಿದಳು. ನಾನೇ ಆ ನಿಯಮ ಮಾಡಿದವನು ಎಂಬಂತೆ ತಲೆ ತಗ್ಗಿಸಿದೆ.

ಪರೀಕ್ಷೆ ಬರೆದಳು. ಗಣಿತ, ಪರಿಸರ, ಕನ್ನಡ, ಮಕ್ಕಳ ಮನಸ್ಸಿನ ಕುರಿತ ಪ್ರಶ್ನೆಗಳು, ಎಲ್ಲದರಲ್ಲೂ ಧಾರಾಳ ಅಂಕ. ಇಂಗ್ಲಿಷ್ ಮಾತ್ರ ಕೈಕೊಟ್ಟು, ಒಟ್ಟಿನಲ್ಲಿ ಎರಡೇ ಎರಡು ಅಂಕಕ್ಕೆ ಹೋಯಿತು. ಕಾರ್ಯದರ್ಶಿಗಳು ಒಳ್ಳೆಯವರು, ಇನ್ನೊಂದು ಅವಕಾಶ ಕೊಟ್ಟರು. ಅದೇ ಕೊನೆಯದು. ಆಗ ನಮ್ಮ ಮನೆತನದ ಹಿರಿಯರೆಲ್ಲ ಕೂತು, ಮನೆಯಲ್ಲೇ ಇಂಗ್ಲಿಷ್ ಪಂಡಿತನಿರುವಾಗ ಟ್ಯೂಷನ್ ಯಾಕೆ ಎಂದು ತೀರ್ಮಾನಿಸಿದರು. ಆ ಪಂಡಿತ ಯಾರೆಂದು ನಾನೂ ಕುತೂಹಲದಿಂದ ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು!

ನಾನು ದಾವಣಗೆರೆಯ ಒಂದು ಕನ್ನಡ ಪತ್ರಿಕೆಯಲ್ಲಿ ಉಪಸಂಪಾದಕ. ಸುದ್ದಿಸಂಸ್ಥೆಗಳು ಕಳಿಸುವ ಇಂಗ್ಲಿಷ್ ಸುದ್ದಿಯನ್ನು ಇಪ್ಪತ್ತೆರಡು ವರ್ಷದಿಂದ ಕನ್ನಡಕ್ಕೆ ತರುತ್ತಿದ್ದೇನೆ. ಪ್ರವಾಹ, ಚುನಾವಣೆ, ಅಪಘಾತ, ಕ್ರಿಕೆಟ್ಟು. ಈ ನಾಲ್ಕು ವಿಷಯಗಳಾಚೆ ನನ್ನ ಇಂಗ್ಲಿಷು ಹೆಜ್ಜೆ ಇಟ್ಟಿದ್ದಿಲ್ಲ. ಪ್ರವಾಹದಲ್ಲಿ ಸಿಕ್ಕಿಕೊಂಡ ಕ್ರಿಕೆಟಿಗ ಚುನಾವಣೆಗೆ ನಿಂತರೆ ನಾನು ನಿರರ್ಗಳವಾಗಿ ಬರೆಯಬಲ್ಲೆ. ಆದರೆ ಇದನ್ನೆಲ್ಲ ಹಿರಿಯರ ಮುಂದೆ ಹೇಳುವುದುಂಟೆ? ಗಂಟಲು ಸರಿಮಾಡಿಕೊಂಡು, "ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ" ಎಂದುಬಿಟ್ಟೆ.

ಅಕ್ಕ ಎಂಟೂವರೆಗೇ ಕೆ.ಬಿ. ಬಡಾವಣೆಯ ನಮ್ಮ ಮನೆಯ ಗೇಟು ತೆಗೆದಳು. ಕೈಯಲ್ಲಿ ಗೈಡು, ಬಗಲಲ್ಲಿ ನೀರಿನ ಬಾಟಲಿ. ಇಂಗ್ಲಿಷಿನಲ್ಲಿ ಓದಿ ಉತ್ತರಿಸಬೇಕಾದ ಮೊದಲ ಪ್ಯಾಸೇಜು ಒಬ್ಬ ಗುಮಾಸ್ತನದು. ಅವನು ದಿನಾ ಕಚೇರಿಗೆ ಒಂದು ಗಂಟೆ ಮೊದಲೇ ಹೋಗುತ್ತಾನೆ, ಸಂಜೆ ಎಲ್ಲರಿಗಿಂತ ಕೊನೆಗೆ ಹೊರಡುತ್ತಾನೆ. ಪ್ರಶ್ನೆ: ಅವನು ಎಂಥವನು? ಸಮಯಪಾಲಕ, ಸೋಮಾರಿ, ಒಂಟಿ, ಕೋಪಿಷ್ಠ. ಒಂದನ್ನು ಆರಿಸಿ.

ಅಕ್ಕ ಒಂಟಿ ಎಂಬುದಕ್ಕೆ ಗುರುತು ಹಾಕಿದಳು.

"ಅಕ್ಕಾ, ಸಮಯಪಾಲಕ ಅಲ್ಲೇನೆ?"

"ಮನ್ಯಾಗ ಒಂದು ಜೀವ ಇದ್ದೋನು ಒಂದು ತಾಸು ಮೊದ್ಲೇ ಯಾಕ ಹೋಗ್ತಾನಪಾ? ಸಂಜೀಗೂ ಬರಲ್ಲ ಅಂದ್ರೆ ಪಾಪ, ಚಾ ಕಾಸಿ ಕೊಡೋರು ಯಾರೂ ಇಲ್ಲ ಅವ್ನಿಗೆ."

"ಅದು ಪ್ಯಾಸೇಜಿನಾಗ ಇಲ್ಲ."

"ಇಲ್ಲಂದ್ರೆ ಬರೆದೋನ್ದು ತಪ್ಪು. ನೀನು ಕೇಳಬೇಕಿತ್ತು."

ಯಾರನ್ನು ಕೇಳಲಿ? ಅಷ್ಟರಲ್ಲಿ ಒಳಗೆ ತರಕಾರಿ ಹೆಚ್ಚುತ್ತಿದ್ದ ನನ್ನ ಹೆಂಡತಿಯೂ ಈಚೆ ಬಂದು, "ಹೌದ್ರೀ, ಅವ್ನಿಗೆ ಮದುವೆ ಆಗಿತ್ತೋ ಇಲ್ಲೋ?" ಎಂದಳು. ಒಂದು ಪ್ಯಾಸೇಜಿಗೆ ಕೊಟ್ಟಿದ್ದು ಹತ್ತು ನಿಮಿಷ. ಗುಮಾಸ್ತನಿಗೆ ಹೆಣ್ಣು ನೋಡುವುದರಲ್ಲಿ ಮುಕ್ಕಾಲು ಗಂಟೆ ಕಳೆಯಿತು.

ನಾನು ನನ್ನ ವೃತ್ತಿಯ ಮೊದಲ ಪಾಠವನ್ನೇ ಅವಳಿಗೆ ಹೇಳಿಕೊಟ್ಟೆ. ಕಾಗದದಲ್ಲಿ ಇರುವುದು ಮಾತ್ರ ಇದೆ, ಇಲ್ಲದ್ದು ಇಲ್ಲ. ಊಹೆ ಬೇಡ, ಕರುಣೆ ಬೇಡ, ಹೆಣ್ಣು ನೋಡುವುದಂತೂ ಬೇಡವೇ ಬೇಡ. ಅಕ್ಕ ಇದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಮುಂದಿನ ವಾರದ ಪ್ಯಾಸೇಜಿನಲ್ಲಿ ಒಬ್ಬ ಮುದುಕಿ ಕೆರೆಯ ದಂಡೆಯಲ್ಲಿ ಗಿಡ ನೆಡುತ್ತಿದ್ದಳು. ಅಕ್ಕ ಪೂರ್ತಿ ಓದಿ, ಪೆನ್ನು ಕೆಳಗಿಟ್ಟು, "ಈ ಬಿಸಿಲಾಗ ಮುದುಕೀನ ಕಳಿಸಿ ಮನೆಯೋರು ಏನ್ಮಾಡ್ತಿದ್ರು?" ಎಂದಳು. ಪಾಠ ಮತ್ತೆ ಮೊದಲಿನಿಂದ!

ಇನ್ನು ಪದಸಂಪತ್ತು. ದಿನಕ್ಕೆ ಐದು ಪದ ಬಾಯಿಪಾಠ ಮಾಡು ಎಂದಿದ್ದೆ. ಬಾಯಿಪಾಠ ತನ್ನಿಂದಾಗದು ಎಂದು ಅಕ್ಕ ಬೇರೆ ದಾರಿ ಹಿಡಿದಳು. ಒಂದೊಂದು ಪದವನ್ನು ಒಬ್ಬೊಬ್ಬ ನೆಂಟರಿಗೆ ಹಂಚಿದಳು. ಹಿಟ್ಟಿನ ಗಿರಣಿಗೆ ಹೋಗು ಎಂದರೆ ಮೂರು ಸಲ ಚಪ್ಪಲಿ ಹುಡುಕುವ ನಮ್ಮ ಭಾವನಿಗೆ ರಿಲಕ್ಟೆಂಟ್. ಬೆಂಕಿಕಡ್ಡಿಯನ್ನು ಎರಡು ಸಲ ಬಳಸುವ ಅವಳ ಅತ್ತೆಗೆ ಫ್ರೂಗಲ್. ಸುದ್ದಿ ಬಂಧುಬಳಗದಲ್ಲೆಲ್ಲ ಹರಡಿತು. ಆನೆಕೊಂಡದ ನಮ್ಮ ದೊಡ್ಡಪ್ಪ ಒಂದು ನಾಮಕರಣದ ಪಂಕ್ತಿಯಲ್ಲಿ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು, "ನನಗೇನು ಇಟ್ಟೀಯವ್ವಾ?" ಎಂದು ಕೇಳಿದರು.

"ಎಲೊಕ್ವೆಂಟ್, ದೊಡ್ಡಪ್ಪಾ."

ದೊಡ್ಡಪ್ಪನ ಮುಖ ಬಿಳಿಚಿತು. "ಅದಕ್ಕ ಔಷಧಿ ಐತೇನು?"

ಚೆನ್ನಾಗಿ ಮಾತಾಡುವವರು ಎಂದು ಅರ್ಥ ಹೇಳಿದ ಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಅದನ್ನು ನಾಲ್ಕು ಸಲ ಹೇಳಿಸಿಕೊಂಡು ಕಲಿತರು. ಈಗ ಪರಿಚಯವಿಲ್ಲದವರಿಗೂ ಕೈಮುಗಿದು, ಹೆಸರಿನ ಜೊತೆಗೆ ಅದನ್ನೂ ಪದವಿಯಂತೆ ಹೇಳಿಕೊಳ್ಳುತ್ತಾರೆ.

"ನನಗೇನು?" ಎಂದು ನಾನೂ ಕೇಳಿದೆ. ಕೇಳಬಾರದಿತ್ತು. ಅಕ್ಕ ಸ್ವಲ್ಪವೂ ತಡಮಾಡದೆ "ಸೂಪರ್‌ಫ್ಲೂಯಸ್" ಎಂದಳು. ಅರ್ಥ ಗೊತ್ತಿಲ್ಲದೆ ಧನ್ಯವಾದ ಹೇಳಿದೆ. ಮನೆಗೆ ಬಂದು ನಿಘಂಟು ನೋಡಿದೆ. ಅವಶ್ಯಕತೆಗಿಂತ ಹೆಚ್ಚಾದದ್ದು, ಇಲ್ಲದಿದ್ದರೂ ನಡೆಯುವಂಥದ್ದು!

ಈ ಅವಮಾನಕ್ಕೆ ಉತ್ತರ ಕೊಡಲೆಂದೇ ಒಂದು ಭಾನುವಾರ ನಾನೂ ಅವಳ ಜೊತೆ ಮಾದರಿ ಪರೀಕ್ಷೆಗೆ ಕೂತೆ. ಸಮಯ ನೋಡುವವಳು, ಉತ್ತರ ತಿದ್ದುವವಳು ನನ್ನ ಹೆಂಡತಿ. ಎರಡು ಪ್ಯಾಸೇಜು, ಹದಿನೈದು ಪ್ರಶ್ನೆ. ನಾನು ಎಂಟೇ ನಿಮಿಷದಲ್ಲಿ ಮುಗಿಸಿ, ಅಕ್ಕ ಇನ್ನೂ ಓದುತ್ತಿರುವುದನ್ನು ಕರುಣೆಯಿಂದ ನೋಡುತ್ತ ಮಂಡಕ್ಕಿ ತಿಂದೆ.

ಫಲಿತಾಂಶ ಹೀಗಿದೆ. ಅಕ್ಕ ಒಂಬತ್ತು. ಪಂಡಿತ ಏಳು.

ಹೇಗಾಯಿತು? ಹೆಂಡತಿ ನನ್ನ ಹಾಳೆಯನ್ನು ಎತ್ತಿ ತೋರಿಸಿದಳು. ಎರಡೂ ಪ್ಯಾಸೇಜಿನ ಕೊನೆಯ ಪ್ಯಾರಾಗಳ ಮೇಲೆ ನನ್ನ ಪೆನ್ಸಿಲ್ಲು ಕರ್ಣರೇಖೆಯಂತೆ ಗೀಟು ಎಳೆದಿತ್ತು. ಯಾವಾಗ ಎಳೆದೆನೋ ನನಗೇ ತಿಳಿಯದು! ಸುದ್ದಿಮನೆಯಲ್ಲಿ ಜಾಗ ಸಾಲದಿದ್ದರೆ ಮೊದಲು ಹೋಗುವುದು ಕೊನೆಯ ಪ್ಯಾರಾ. ಮುಖ್ಯವಾದದ್ದು ಮೇಲಿರುತ್ತದೆ, ಕೆಳಗೆ ಇರುವುದೆಲ್ಲ ಹೊಟ್ಟು ಎಂದು ಇಪ್ಪತ್ತೆರಡು ವರ್ಷ ನಂಬಿದ ಕೈ. ಪ್ರಶ್ನೆಪತ್ರಿಕೆ ಮಾಡಿದ ಮಹಾನುಭಾವ ಅರ್ಧದಷ್ಟು ಉತ್ತರಗಳನ್ನು ಆ ಹೊಟ್ಟಿನಲ್ಲೇ ಇಟ್ಟಿದ್ದ.

"ನಿಮ್ಮ ಪೇಪರ್ ಓದೋ ಜನ ಪಾಪ ಕಣ್ರೀ," ಎಂದಳು ಹೆಂಡತಿ.

ಅಕ್ಕ ನಗಲಿಲ್ಲ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಇಲ್ಲದ್ದನ್ನ ನಾನು ಸೇರಿಸ್ತೀನಿ, ಇದ್ದದ್ದನ್ನ ನೀನು ಹೊಡೀತೀಯ. ಇಬ್ರೂ ಫೇಲೇ. ಆದ್ರೆ ನಿನ್ನ ಕೆಲಸ ಹೋಗಲ್ಲ ನೋಡು" ಎಂದಳು.

ಕೊನೆಯ ಮಾತು ಮಾತ್ರ ಮೆಲ್ಲಗೆ ಬಂತು. ನನ್ನ ಬಾಯಲ್ಲಿದ್ದ ಮಂಡಕ್ಕಿ ಹಾಗೇ ಉಳಿಯಿತು.

ಅಂದು ನಾವು ಒಂದು ಒಪ್ಪಂದಕ್ಕೆ ಬಂದೆವು. ಪ್ಯಾಸೇಜು ಓದಿದ ಮೇಲೆ ಅವಳಿಗೆ ಎರಡು ನಿಮಿಷ ಬಿಡುವು. ಆ ಎರಡು ನಿಮಿಷ ಬರೆದವನನ್ನು ಬಯ್ಯಬಹುದು, ಮುದುಕಿಗೆ ಕೊಡೆ ಹಿಡಿಯಬಹುದು, ಗುಮಾಸ್ತನಿಗೆ ಮದುವೆಯನ್ನೂ ಮಾಡಬಹುದು. ಆಮೇಲೆ ಪೆನ್ನು ಹಿಡಿದರೆ ಕಾಗದದಲ್ಲಿ ಇದ್ದದ್ದಷ್ಟೇ. ನಾನು ನನ್ನ ಪೆನ್ಸಿಲ್ಲನ್ನು ಹೆಂಡತಿಗೆ ಒಪ್ಪಿಸಿ ಬರಿಗೈಯಲ್ಲಿ ಕೂರುವುದು. ವಾರದಿಂದ ವಾರಕ್ಕೆ ಅವಳ ಅಂಕ ಒಂಬತ್ತರಿಂದ ಹನ್ನೊಂದಾಯಿತು, ಹನ್ನೆರಡಾಯಿತು. ನನ್ನದು ಎಂಟಕ್ಕೆ ಏರಿತು. ಪ್ರಗತಿ ಪ್ರಗತಿಯೇ!

ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ಕಾಯುತ್ತ ನಿಂತಿದ್ದೆ. ಅಕ್ಕ ಹೊರಗೆ ಬಂದವಳೇ, "ಮೇಲ್ವಿಚಾರಕಿ ಎರಡು ಸಲ ಬಂದು, ಯಾರ ಜೊತೆ ಮಾತಾಡ್ತೀರಿ ಅಂತ ಕೇಳಿದ್ಲು. ಪ್ಯಾಸೇಜಿನ ಜೊತೆ ರೀ, ಎರಡೇ ನಿಮಿಷ ಅಂದೆ" ಎಂದಳು.

ಫಲಿತಾಂಶ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಅವಳ ಸಂಖ್ಯೆಯನ್ನು ಮೂರು ಸಲ ಹಾಕಿ ಮೂರು ಸಲ ನೋಡಿದೆ. ಅರ್ಹ! ಕೊನೆಯ ಸಾಲಿನವರೆಗೂ ಓದಿದೆ, ಅಲ್ಲೂ ಅರ್ಹ ಎಂದೇ ಇತ್ತು. ಪಾಠದ ಹೊತ್ತಿನಲ್ಲಿ ಅಕ್ಕ ಫೋನು ಮುಟ್ಟುವುದಿಲ್ಲ. ಸ್ಕೂಟರ್ ಹತ್ತಿ ಗುತ್ತೂರಿಗೆ ಹೊರಟೆ. ದಾರಿಯುದ್ದಕ್ಕೂ, ಗುರುವಾದ ನನ್ನನ್ನು ಅವಳು ಹೇಗೆ ಹೊಗಳಬಹುದು ಎಂದು ವಾಕ್ಯಗಳನ್ನು ನಾನೇ ರಚಿಸಿಕೊಳ್ಳುತ್ತಿದ್ದೆ.

ತರಗತಿಯ ಬಾಗಿಲಲ್ಲಿ ನನ್ನನ್ನು ಕಂಡರೂ ಅಕ್ಕ ಕೈಸನ್ನೆಯಲ್ಲೇ ತಡೆದಳು. ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ಒಂದು ಕೋಳಿ ಪಕ್ಕದವರ ಹುಲ್ಲಿನ ಬಣವೆಯಲ್ಲಿ ಮೊಟ್ಟೆ ಇಟ್ಟು ಕಾವಿಗೆ ಕೂತಿದೆ, ಮನೆಗೆ ಬಂದಿಲ್ಲ.

"ಕೋಳಿ ಯಾಕ ಮನೀಗೆ ಬರಲಿಲ್ಲ?"

"ಮೊಟ್ಟೆ ಮ್ಯಾಲೆ ಕೂತೈತೆ ಟೀಚರ್!" ಇಡೀ ತರಗತಿ ಕೂಗಿತು. ಸರಿಯುತ್ತರ.

ಎರಡನೇ ಸಾಲಿನ ಒಂದು ಹುಡುಗಿ ಮಾತ್ರ ಕೂಗಲಿಲ್ಲ. ಸದ್ದಡಗಿದ ಮೇಲೆ, "ಮನ್ಯಾಗ ಯಾರೂ ಇಲ್ಲಲ್ರೀ, ಅದಕ್ಕ" ಎಂದಿತು.

ಕಥೆಯಲ್ಲಿ ಅದು ಇರಲಿಲ್ಲ. ನಾನಾಗಿದ್ದರೆ ತಪ್ಪು ಎಂದು ಮುಂದೆ ಹೋಗುತ್ತಿದ್ದೆ. ಅಕ್ಕ ಪುಸ್ತಕ ಮುಚ್ಚಿ ಆ ಹುಡುಗಿಯ ಪಕ್ಕ ಹೋಗಿ ಕೂತಳು.

"ಹೌದವ್ವಾ, ಯಾರೂ ಇಲ್ದಿದ್ರೆ ಹೆಂಗೆ ಬರೋದು? ಎಷ್ಟು ದಿನ ಆತು?"

"ಮೂರು ದಿನ."

"ಕೋಳಿಯ ಅವ್ವ ಎಲ್ಲಿಗೆ ಹೋಗೈತೆ?"

"ಆಸ್ಪತ್ರೆಗೆ. ಪಾಪು ಹುಟ್ಟತೈತಂತೆ."

"ಅಪ್ಪ?"

"ಫ್ಯಾಕ್ಟರಿಗೆ. ರಾತ್ರಿ ಬರ್ತಾನ."

"ಮತ್ತೆ ಕೋಳಿ ಎಲ್ಲಿ ಮಲಗ್ತೈತೆ?"

"ಬಾಜು ಮನ್ಯಾಗ. ಅಲ್ಲಿ ನಿದ್ದೆ ಬರಲ್ರಿ."

ಅಕ್ಕ ಅದರ ತಲೆ ಸವರಿದಳು. "ನಿನ್ನ ಉತ್ತರಾನೂ ಸರಿ ಐತೆ" ಎಂದಳು. ಹದಿನೆಂಟು ವರ್ಷ ಅವಳು ಆ ಕೊಠಡಿಯಲ್ಲಿ ಏನು ಓದುತ್ತಿದ್ದಳು ಎಂದು ನನಗೆ ಅಂದು ತಿಳಿಯಿತು. ಆ ಓದನ್ನೇ ನಾನು ಭಾನುವಾರಕ್ಕೊಮ್ಮೆ ಅವಳನ್ನು ಕೂರಿಸಿ ತಿದ್ದುತ್ತಿದ್ದೆ.

ಶನಿವಾರದ ಗಂಟೆ ಹೊಡೆಯಿತು. ಮಕ್ಕಳೆಲ್ಲ ಓಡಿದರು. ಅಕ್ಕ ಆ ಹುಡುಗಿಯ ಕೈ ಹಿಡಿದುಕೊಂಡೇ ಬಂದು, "ಗಾಡಿ ತಂದೀಯಲ್ಲ? ಅವ್ರಪ್ಪಂಗೆ ಒಂದು ಫೋನ್ ಮಾಡಿ, ಬಾಜು ಮನೆಯೋರಿಗೂ ಹೇಳಿ, ಹರಿಹರದ ಆಸ್ಪತ್ರೆಗೆ ಹೋಗಿ ಅವ್ವನ್ನ ತೋರಿಸ್ಕೊಂಡು ಬರಾಣ" ಎಂದಳು.

"ಅಕ್ಕಾ, ರಿಸಲ್ಟ್..."

"ಗಾಡಿ ಮ್ಯಾಲೆ ಹೇಳು."

ಹುಡುಗಿಯನ್ನು ಮುಂದೆ ನಿಲ್ಲಿಸಿಕೊಂಡೆ. ಅಕ್ಕ ಹಿಂದೆ ಕೂತಳು. ಹರಿಹರದ ರಸ್ತೆಗೆ ತಿರುಗುವಾಗ ಹೇಳಿದೆ: "ಪಾಸಾಗೀಯ ಕಣಕ್ಕಾ."

ನನ್ನ ಭುಜದ ಮೇಲಿದ್ದ ಕೈ ಅಂಗಿಯನ್ನು ಗಟ್ಟಿಯಾಗಿ ಹಿಡಿಯಿತು. ಬಹಳ ಹೊತ್ತು ಹಾಗೇ ಹಿಡಿದಿತ್ತು. ಆಮೇಲೆ ಅಕ್ಕ ನನ್ನ ಹೆಗಲ ಮೇಲಿಂದ ಮುಂದಕ್ಕೆ ಬಾಗಿ, ಆ ಹುಡುಗಿಗೆ ಕೇಳುವಂತೆ, "ಸೋಮವಾರಾನೂ ನಿಮ್ಮ ಕ್ಲಾಸಿಗೆ ನಾನೇ ಬರ್ತೀನವ್ವಾ" ಎಂದಳು.

ಹುಡುಗಿ ಕತ್ತು ತಿರುಗಿಸಿ ನಮ್ಮಿಬ್ಬರನ್ನೂ ಆಶ್ಚರ್ಯದಿಂದ ನೋಡಿತು.

"ಮತ್ಯಾರು ಬರ್ತಾರ್ರೀ?"