ಕಾಕಾ ಬರೆಯುವ ‘ಆರ್’

ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ಇಪ್ಪತ್ತೈದನ್ನು ಉಳಿದ ಜಗತ್ತಿಗೆ ಬಿಟ್ಟುಕೊಟ್ಟು, ‘ಆರ್’ ಒಂದನ್ನು ಮಾತ್ರ ನಮ್ಮ ಕಾಕಾ ತಮ್ಮದಾಗಿಸಿಕೊಂಡಿದ್ದಾರೆ. ನಾವಿರುವ ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಲಾಠಿಯ ಇನ್‌ಸ್ಪೆಕ್ಟರ್ ಅಲ್ಲ, ಹಳದಿ ಸೀಮೆಸುಣ್ಣದವರು! ತಯಾರಾಗಿ ಬಂದ ಬಿಡಿಭಾಗದಲ್ಲಿ ಕೊರತೆ ಕಂಡರೆ ಅದರ ಮೇಲೆ ‘ಆರ್’ ಬರೆಯುವುದು ಅವರ ಕೆಲಸ. ರಿವರ್ಕ್, ಅಂದರೆ ತಿದ್ದಿ ತನ್ನಿ. ಅವರು ನಿವೃತ್ತರಾದರು, ಜೇಬಿನ ಸೀಮೆಸುಣ್ಣ ಆಗಲಿಲ್ಲ.

ಅಲ್ಲಾಡುವ ಕುರ್ಚಿ, ಸೋರುವ ನಲ್ಲಿ, ಸಪ್ಪೆ ಸಾರಿನ ಪಾತ್ರೆಯ ಮುಚ್ಚಳ, ಎಲ್ಲದರ ಮೇಲೂ ಆರ್. ಪಕ್ಕದ ಮನೆಯವರ ಸ್ಕೂಟರು ಕೆಮ್ಮುತ್ತದೆಂದು ಅದರ ಸೀಟಿಗೂ ಬರೆದರು. ಆತ ಕಪ್ಪು ಪ್ಯಾಂಟು ತೊಟ್ಟು ಅದರ ಮೇಲೆ ಕೂತು ಆಫೀಸು ತಲುಪಿದಾಗ ಏನಾಯಿತೆಂದು ಬಿಡಿಸಿ ಹೇಳಬೇಕೆ?

ಇಷ್ಟೆಲ್ಲ ತಿದ್ದಿಸುವ ಮನುಷ್ಯ ತಮ್ಮ ಬಲ ಮೊಣಕಾಲನ್ನು ಮಾತ್ರ ಮೂರು ವರ್ಷದಿಂದ ಯಾರಿಗೂ ತಿದ್ದಲು ಬಿಟ್ಟಿರಲಿಲ್ಲ. ಆಪರೇಷನ್ ಎಂದರೆ ಸಾಕು, ಮಾತು ಬದಲಿಸುತ್ತಿದ್ದರು. ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಹೆಗಲು ಹಿಡಿದು ಮೆಟ್ಟಿಲು ಹತ್ತುತ್ತ, ಎದುರಾದವರಿಗೆಲ್ಲ ‘ಇಕಿಗೆ ಆಸರಾ ಬೇಕಾಗ್ತದ’ ಎನ್ನುವರು.

ಆರ್‌ಗೆ ಬೇರೆ ಅರ್ಥಗಳಿರುವುದು ಅವರಿಗೆ ಗೊತ್ತಿಲ್ಲವೆಂದಲ್ಲ, ಒಪ್ಪುವುದಿಲ್ಲ ಅಷ್ಟೆ. ನಾನು ಕಾರು ಕಲಿಯುವಾಗ, ಗೇರಿನ ಮೇಲಿನ ಆರ್ ಅಂದರೆ ಗಾಡಿ ಹಿಂದಕ್ಕೆ ಹೋಗುವುದು ಎಂದೆ. ‘ಹೌದವಾ, ತಪ್ಪಿದ ಮಾಲು ಹಿಂದಕ್ಕ ಹೋಗಬೇಕು’ ಎಂದರು. ಪೌಡರ್ ಡಬ್ಬಿಯ ಮೇಲೆ ಹೆಸರಿನ ಪಕ್ಕ ನೋಂದಣಿಯ ಗುರುತಾಗಿ ವೃತ್ತದೊಳಗೆ ಆರ್ ಇರುತ್ತದಲ್ಲ, ಅದನ್ನು ಕಂಡು ‘ಭಾಳ ಪ್ರಾಮಾಣಿಕ ಮಂದಿ, ತಾವ ಬರದು ಕಳಿಸ್ಯಾರ’ ಎಂದು ಮೆಚ್ಚಿದರು. ಸರ್ಕ್ಯೂಟಿನಲ್ಲಿ ಆರ್ ಅಂದರೆ ಪ್ರತಿರೋಧ ಎಂದು ನನ್ನ ಮಗಳು ಪಾಠ ಹೇಳಿದಾಗ, ‘ಅದನ್ನ ನಿಮ್ಮಜ್ಜಿ ದಿನಾ ತೋರಸ್ತಾಳ’ ಎಂದರು. ನನ್ನ ಗಂಡ ತಮ್ಮ ಕಂಪ್ಯೂಟರ್ ಕೆಲಸದಲ್ಲಿ ಆರ್ ಎಂಬ ಭಾಷೆಯೇ ಇದೆ ಎಂದಾಗ ಕಾಕಾ ಬೆರಗಾದರು.

‘ಇಡೀ ಭಾಷಾ ಒಂದ ಅಕ್ಷರದಾಗ? ನಿಮ್ಮ ಕಾಕುಗ ಕಲಸ್ರಿ, ಮನಿ ಶಾಂತ ಆಗ್ತದ.’

ಅಡುಗೆಮನೆಯಿಂದ ಕಾಕು, ‘ಅದರಾಗ ಬೈಯೂದು ಹ್ಯಾಂಗಂತ ಮೊದಲ ಹೇಳ್ರಿ, ಆಮ್ಯಾಲ ಕಲೀತೀನಿ’ ಎಂದರು.

ಈ ವರ್ಷ ಒಂದೊಂದು ಮೆಟ್ಟಿಲೂ ಬೆಟ್ಟವಾದ ಮೇಲೆ ಕಾಕಾ ಆಪರೇಷನ್ನಿಗೆ ಒಪ್ಪಿದರು. ಆ ಬೆಳಿಗ್ಗೆ ಡಾಕ್ಟರು ಬಂದು ಬಲಗಾಲಿನ ಮೇಲೆ ಪೆನ್ನಿನಿಂದ ದೊಡ್ಡದಾಗಿ ಆರ್ ಬರೆದರು. ಕಾಲು ಅದಲುಬದಲಾಗದಿರಲೆಂದು ರೈಟ್, ಅಂದರೆ ‘ಬಲ’ ಎಂಬ ಗುರುತು. ಈಗೊಂದು ಜೋಕು ಬಂದೇ ಬರುತ್ತದೆಂದು ನಾವೆಲ್ಲ ಕಾದೆವು. ಬರಲಿಲ್ಲ. ಕಾಕಾನ ಮುಖ ಬಿಳಿಚಿಕೊಂಡಿತ್ತು.

‘ಆರ್ ಬರದಾವ್ರೇ ಅದನ್ನ ಪಾಸ್ ಮಾಡಬಾರದ್ರಿ ಡಾಕ್ಟರ್’ ಎಂದರು ಮೆಲ್ಲಗೆ. ‘ನಮ್ಮ ಕಾರ್ಖಾನಿಯೊಳಗ ಎರಡನೇದವರ ಸಹಿ ಬೇಕಾಗ್ತಿತ್ತು.’

ಕನ್ನಡ ಬಾರದ ಡಾಕ್ಟರಿಗೆ ಅದನ್ನು ನಾನು ಮರಾಠಿಯಲ್ಲಿ ಹೇಳಿದೆ. ಡಾಕ್ಟರು ನಕ್ಕು, ನಮ್ಮಲ್ಲೂ ಇನ್ನೊಬ್ಬರು ನೋಡುತ್ತಾರೆ ಎಂದು ನರ್ಸನ್ನು ಕರೆದರು. ಕಾಕಾ ತಲೆಯಲ್ಲಾಡಿಸಿ ಕಾಕುವಿನ ಕಡೆ ನೋಡಿದರು.

‘ಇಕಿನೂ ನೋಡ್ಲಿ.’

‘ನನಗೇನ್ ತಿಳೀತದ್ರೀ?’

‘ಯಾವ ಕಾಲು ತ್ರಾಸ ಕೊಡ್ತದಂತ ನಿನಗ ಗೊತ್ತಲ್ಲ. ದಿನಾ ಎಣ್ಣಿ ತಿಕ್ಕಾಕಿ ನೀನ.’

ಕಾಕು ಪೆನ್ನು ಮುಟ್ಟುವ ಮೊದಲು ಆ ಮೊಣಕಾಲನ್ನು ಅಂಗೈಯಲ್ಲಿ ಸವರಿದರು. ಆಮೇಲೆ ಡಾಕ್ಟರರ ಅಕ್ಷರದ ಕೆಳಗೆ ಕನ್ನಡದಲ್ಲಿ ತಮ್ಮ ಹೆಸರು ಬರೆದರು. ಕೊನೆಯ ಅಕ್ಷರ ಸೊಟ್ಟಗಾಯಿತು. ಕಾಕಾ ಅದನ್ನು ತಿದ್ದಿಸಲಿಲ್ಲ. ಅವರು ಇಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಒಳಗೆ ಒಯ್ಯುವಾಗ ಅವರು ಕಾಕುವಿನ ಕೈ ಬಿಡದೆ ಕೇಳಿದರು, ‘ಹೊರಗ ಕುಂತಿರ್ತಿ ಅಲ್ಲ?’

‘ಮತ್ತೆಲ್ಲಿ ಹೋಗ್ಲಿರೀ?’ ಎಂದರು ಕಾಕು.