ಭುಜಕ್ಕೆ ಬಿದ್ದರೆ ಏನೂ ಆಗುವುದಿಲ್ಲ

ಸಿನಿಮಾ ತೆಗೆಯುವವರ ಪ್ರಕಾರ ಭುಜವೆಂಬುದು ಗುಂಡು ಇಟ್ಟುಕೊಳ್ಳಲು ದೇವರು ಮಾಡಿಕೊಟ್ಟ ಗೂಡು. ಎದೆಗೆ ಬಿದ್ದರೆ ನಾಯಕನ ಗೆಳೆಯ ಸಾಯುತ್ತಾನೆ, ಅದೂ ತಂಗಿಯನ್ನು ಒಪ್ಪಿಸಿ, ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ. ಭುಜಕ್ಕೆ ಬಿದ್ದರೆ ನಾಯಕ ಟವೆಲ್ ಬಿಗಿದುಕೊಂಡು ಅದೇ ಕೈಯಲ್ಲಿ ಹತ್ತು ಜನರನ್ನು ಎತ್ತಿ ಒಗೆಯುತ್ತಾನೆ. ಮುಂದಿನ ಹಾಡಿನಲ್ಲಿ ಗಾಯದ ಕಲೆಯೂ ಇರುವುದಿಲ್ಲ. ಇಂಥ ಸುಳ್ಳನ್ನು ದುಡ್ಡು ಕೊಟ್ಟು ನಂಬುವ ಪೆದ್ದ ಯಾರು ಎಂದು ನೀವು ಕೇಳಬಹುದು. ನಾನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಿಕ್ಕ ವಿದ್ಯಾಭ್ಯಾಸವೆಲ್ಲ ಪರದೆಯ ಮುಂದೆ ನಡೆಯಿತು.

ರಾಂಪುರದಲ್ಲಿ ನನ್ನದು ಬೈಕ್ ರಿಪೇರಿ ಅಂಗಡಿ. ತಮ್ಮ ಇಮ್ತಿಯಾಜ್ ಪಂಪ್‌ಸೆಟ್ ರಿಪೇರಿಗೆ ಹೊಲಗಳಿಗೆ ಹೋಗುತ್ತಿದ್ದ. ಹೋದ ವರ್ಷ ಒಂದು ಶೇಂಗಾ ಹೊಲದಲ್ಲಿ ಅವನು ಮೋಟಾರಿನ ಮುಂದೆ ಬಗ್ಗಿ ಕೂತಿದ್ದಾಗ, ಹೊಲದ ಗೌಡರು ಕಾಡುಹಂದಿ ಎಂದುಕೊಂಡು ನಾಡಬಂದೂಕು ಹಾರಿಸಿಬಿಟ್ಟರು. ಫೋನಿನಲ್ಲಿ ಅವರಿಗೆ ಅಳುವೇ ಬಂದಿತ್ತು.

"ನಿನ್ ತಮ್ಮಗೆ ಗುಂಡು ಬಿತ್ತಲೋ!"

"ಎದೆಗಾ ಗೌಡ್ರೆ?"

"ಅಲ್ಲಪ್ಪ, ಭುಜಕ್ಕೆ."

"ಭುಜಕ್ಕಾ? ಹಂಗಾದ್ರೆ ಏನಿಲ್ಲ ಬಿಡ್ರಿ. ಅಂಗಡಿಗೆ ಕರ್ಕಂಬರ್ರಿ."

ಆಸ್ಪತ್ರೆಗಲ್ಲ, ಅಂಗಡಿಗೆ! ಗುಂಡು ಹೊರಗೆ ಬಂದರೆ ಮನುಷ್ಯ ಎದ್ದು ಕೂರುತ್ತಾನೆ ಎಂಬುದು ನಾನು ಕಲಿತ ವೈದ್ಯಶಾಸ್ತ್ರ. ಇಂಜಿನ್ನಿನೊಳಗೆ ನಟ್ಟು ಬಿದ್ದರೆ ಎತ್ತಲು ನಮ್ಮಲ್ಲಿ ತುದಿಗೆ ಮ್ಯಾಗ್ನೆಟ್ ಇರುವ ಒಂದು ಕಡ್ಡಿ ಇರುತ್ತದೆ. ಗೌಡರು ತಮ್ಮನನ್ನು ತಂದಿಳಿಸಿದ ಕೂಡಲೇ ಅದನ್ನು ಒರೆಸಿ, "ಹಲ್ಲು ಕಚ್ಕಳಲೇ" ಎಂದು ಗಾಯದೊಳಗೆ ಇಳಿಸಿದೆ. ಯಾವ ನಾಯಕನೂ ಕೂಗದ ಹಾಗೆ ಕೂಗಿದ. "ಭಾಯಿ, ನಾನೇನು ಇಂಜಿನ್ನಾ?" ಎಂದವನು ಅಲ್ಲೇ ಪ್ರಜ್ಞೆ ತಪ್ಪಿದ. ಗುಂಡು ಸೀಸದ್ದು, ಸೀಸ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ ಎಂಬುದು ದಿನಾ ಬ್ಯಾಟರಿ ಬಿಚ್ಚುವ ನನಗೆ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ತಲೆ ನನ್ನದಾಗಿರಲಿಲ್ಲ.

ಕೊನೆಗೆ ಗೌಡರೇ ನನಗೆ ಬೈದು, ಇಬ್ಬರನ್ನೂ ಕಾರಿಗೆ ಹಾಕಿಕೊಂಡು ಚಳ್ಳಕೆರೆ ಆಸ್ಪತ್ರೆಗೆ ಓಡಿಸಿದರು. ಆಪರೇಷನ್ ಕೋಣೆಯ ಬಾಗಿಲಿಗೆ ಕಿವಿಕೊಟ್ಟು ನಿಂತೆ. ಗುಂಡು ಸ್ಟೀಲ್ ತಟ್ಟೆಗೆ 'ಟಣ್' ಎಂದು ಬೀಳಬೇಕಲ್ಲ! ಬೀಳಲೇ ಇಲ್ಲ. ಡಾಕ್ಟರು ಹೊರಗೆ ಬಂದಾಗ ಗುಂಡು ಎಲ್ಲಿ ಎಂದು ಕೇಳಿಯೇಬಿಟ್ಟೆ.

"ಅದು ಒಳಗೇ ಐತೆ, ಇರ್ಲಿ ಬಿಡ್ರಿ. ಗುಂಡಿನ ಚಿಂತೆ ಅಲ್ಲ ನಂದು. ಕೈಗೆ ಹೋಗೋ ನರ ಹರಿದೈತೆ. ಗಾಯದೊಳಗೆ ಯಾರಾದ್ರೂ ಏನಾದ್ರೂ ಆಡ್ಸಿದ್ರಾ?"

"ಇಲ್ಲ ಸಾರ್," ಎಂದೆ. ಅಷ್ಟು ಚೆನ್ನಾಗಿ ನಟಿಸುವ ಒಬ್ಬ ನಟನನ್ನೂ ನಾನು ನೋಡಿಲ್ಲ. ಗೌಡರು ನೆಲ ನೋಡುತ್ತಿದ್ದರು.

ಇಮ್ತಿಯಾಜನ ಬಲಗೈ ಈಗ ಸ್ಪ್ಯಾನರ್ ಹಿಡಿಯುವುದಿಲ್ಲ. ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವುದು ನಾನೇ. ಆ ನರವನ್ನು ಹರಿದದ್ದು ಗೌಡರ ಗುಂಡೋ, ನನ್ನ ಕಡ್ಡಿಯೋ? ನಡೆದದ್ದನ್ನು ಹೇಳಿ ಕೇಳಿದರೆ ಡಾಕ್ಟರು ಹೇಳಿಯಾರು. ಪ್ರತಿ ಸಲ ತೋರಿಸಲು ಹೋಗುವಾಗ ದಾರಿಯಲ್ಲಿ ತಳಕು ಎಂಬ ಊರು ದಾಟುವಷ್ಟರಲ್ಲಿ ಪ್ರಶ್ನೆ ನಾಲಿಗೆ ತುದಿಗೆ ಬಂದಿರುತ್ತದೆ. ಡಾಕ್ಟರ ಮುಖ ಕಂಡ ಕೂಡಲೇ, "ಸಾರ್, ಇವ್ನು ಮಟನ್ ತಿನ್ನಬೋದಾ?" ಎಂದು ಕೇಳಿ ಎದ್ದು ಬರುತ್ತೇನೆ. ತಮ್ಮನ ಭುಜದೊಳಗೆ ಕೈ ಹಾಕಲು ಇದ್ದ ಧೈರ್ಯ, ಬಾಯಿ ಬಿಡಲು ಇಲ್ಲ.

ಮೊನ್ನೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ತಮ್ಮ ಎಡ ಮೊಣಕೈಯಿಂದ ತಿವಿದ.

"ಭಾಯಿ, ಇವತ್ತಾದ್ರೂ ಕೇಳ್ತೀಯಾ, ಇಲ್ಲಾ ಇವತ್ತೂ ಮಟನ್ನಾ?"

ಅವನಿಗೆ ಎಲ್ಲವೂ ಗೊತ್ತು. ನಮ್ಮ ಹೆಸರು ಕೂಗಿದರು. ಒಳಗೆ ಹೋಗಿ ಕೂತೆ, ಗಂಟಲು ಸರಿಮಾಡಿಕೊಂಡೆ, ಡಾಕ್ಟರ ಕಣ್ಣನ್ನೇ ನೋಡಿ ಕೇಳಿದೆ:

"ಸಾರ್, ಮೀನು?"